ಬಿಲ್ಲುಗಾರನ ಗರಿ

ನಾನು ಮಾಡಿದ ಹಲ್ಲು ಕಟ್ಟಿಸಿಕೊಂಡು ಈ ಊರಿನಲ್ಲಿ ಎಷ್ಟು ಜನ ನಗುತ್ತಿದ್ದಾರೋ ಲೆಕ್ಕವಿಲ್ಲ. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಲ್ಯಾಬಿನಲ್ಲಿ ಕೂತು ಮೇಣದಲ್ಲಿ ಹಲ್ಲು ತಿದ್ದುವವಳು ನಾನು. ಹೆಸರು ಡಾಕ್ಟರಿಗೆ, ಬೆನ್ನುನೋವು ನನಗೆ. ಹಾಗಂತ ಬೇಜಾರೇನೂ ಇಲ್ಲ. ಒಂದು ಕೋರೆಹಲ್ಲನ್ನು ಪಕ್ಕದ ಹಲ್ಲಿಗೆ ಗೊತ್ತಾಗದ ಹಾಗೆ ಕೂರಿಸಬಲ್ಲವಳಿಗೆ ಯಾರ ಶಹಬ್ಬಾಸ್‌ಗಿರಿಯೂ ಬೇಕಾಗುವುದಿಲ್ಲ.

ಇದೇ ಕೈಗೆ ಮನೆಯಲ್ಲಿ ಇನ್ನೊಂದು ಕೆಲಸವಿದೆ. ಅದು ನನ್ನ ಅಣ್ಣನ ಸೈನ್ಯ. ಅಣ್ಣನಿಗೆ ಮೇಜಿನ ಮೇಲಿನ ಯುದ್ಧದ ಆಟದ ಹುಚ್ಚು. ಹೆಬ್ಬೆರಳಿನಷ್ಟು ಎತ್ತರದ ಸೈನಿಕರ ಗೊಂಬೆಗಳನ್ನು ಟೇಪು ಹಿಡಿದು ಅಳೆದು ನಡೆಸಬೇಕು, ದಾಳ ಹಾಕಿ ಹೊಡೆದಾಡಿಸಬೇಕು. ಚದುರಂಗದ ಹಾಗೆ ಇಲ್ಲಿ ಮನೆಗಳಿಲ್ಲ. ಗುಡ್ಡ, ಗೋಡೆ, ಸೇತುವೆ ಇರುತ್ತವೆ. ಅಂಗಡಿಯಿಂದ ಬರುವಾಗ ಗೊಂಬೆಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಇರುತ್ತವೆ. ಅವುಗಳಿಗೆ ಪುಟ್ಟಿಯಲ್ಲಿ ಗಡ್ಡ, ಹೊದಿಕೆ, ಬತ್ತಳಿಕೆ ಮಾಡಿ ಕೂರಿಸಿ ಒಬ್ಬೊಬ್ಬರನ್ನೂ ಬೇರೆ ಮಾಡುವವಳು ನಾನು.

ಈ ಪುಟ್ಟಿ ಗೋಡೆಗೆ ಹಚ್ಚುವ ಪುಟ್ಟಿಯಲ್ಲ. ಒಂದೇ ಪಟ್ಟಿಯಲ್ಲಿ ಹಳದಿ ಒಂದು ಕಡೆ, ನೀಲಿ ಇನ್ನೊಂದು ಕಡೆ ಅಂಟಿಕೊಂಡು ಬರುತ್ತದೆ. ಎರಡನ್ನೂ ಸಮವಾಗಿ ತೆಗೆದು ನಾದಿದರೆ ಹಸಿರಾಗುತ್ತದೆ. ಹಸಿರಾದ ಮೇಲೆ ಒಂದು ಗಂಟೆ ನಮ್ಮ ಮಾತು ಕೇಳುತ್ತದೆ, ಆಮೇಲೆ ಕಲ್ಲು. ಹಳದಿ ಮತ್ತು ನೀಲಿ ತಾಗಿಕೊಂಡಿರುವ ನಡುವಿನ ಗೆರೆಯನ್ನು ಮೊದಲೇ ಕತ್ತರಿಸಿ ಬಿಸಾಡಬೇಕು, ಯಾಕೆಂದರೆ ಅದು ಪ್ಯಾಕೆಟ್ಟಿನಲ್ಲೇ ಗಟ್ಟಿಯಾಗಿರುತ್ತದೆ. ತಿದ್ದುವ ಕಡ್ಡಿಯನ್ನು ನೀರಿನಲ್ಲಿ ಅದ್ದುತ್ತಿರಬೇಕು, ಇಲ್ಲದಿದ್ದರೆ ಪುಟ್ಟಿ ಗೊಂಬೆಯನ್ನು ಬಿಟ್ಟು ಕಡ್ಡಿಗೇ ಅಂಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಬೆರಳಿನ ಗುರುತು ಉಳಿಯಬಾರದು. ಪುಟ್ಟಿಯ ಮೇಲೆ ಬೆರಳಿನ ಗುರುತು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಣ್ಣ ಚಿಕ್ಕಂದಿನಿಂದ ನನ್ನನ್ನು ಕರೆಯುವುದೂ ಪುಟ್ಟಿ ಎಂದೇ. "ಈ ಮನೇಲಿ ಎರಡು ಪುಟ್ಟಿ. ಒಂದು ಗಂಟೆ ಬಿಟ್ಟು ಗಟ್ಟಿಯಾಗುತ್ತೆ, ಇನ್ನೊಂದು ಹುಟ್ಟುವಾಗಲೇ ಗಟ್ಟಿ" ಎಂದು ಅತ್ತಿಗೆ ನಗುತ್ತಾರೆ. ಮೇಲಿನ ಕೋಣೆ ನನ್ನದು, ಕೆಳಗಿನದು ಅವರಿಬ್ಬರದು. ಅಡುಗೆಮನೆಯಲ್ಲಿ ಮೂವರದೂ ಜಗಳ.

ಅಣ್ಣ ಬಸ್ಸು ಓಡಿಸುತ್ತಿದ್ದವನು. ಕಣ್ಣಿನೊಳಗೆ ಒತ್ತಡ ಹೆಚ್ಚುವ ಕಾಯಿಲೆ ಸದ್ದಿಲ್ಲದೆ ಬಂದು ಅಂಚಿನಿಂದ ತಿನ್ನುತ್ತಾ ಹೋಯಿತು. ಮೊದಲು ಸ್ಟೀರಿಂಗ್ ಬಿಟ್ಟ, ಆಮೇಲೆ ಪೇಪರು ಬಿಟ್ಟ, ಕೊನೆಗೆ ನಮ್ಮ ಮುಖಗಳೂ ಹೋದವು. ಈಗ ಅವನಿಗೆ ಬೆಳಕು ಯಾವ ಕಡೆಯಿದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಇಷ್ಟಾದರೂ ಅವನು ಬಿಡದೆ ಹಿಡಿದುಕೊಂಡಿದ್ದು ಸೈಕಲ್ ಅಂಗಡಿಯ ಮೇಲಿನ ಹಾಲಿನಲ್ಲಿ ನಡೆಯುವ ಭಾನುವಾರದ ಆಟವನ್ನು. ನಾನು ಪಕ್ಕದಲ್ಲಿ ಕೂತು ಯಾರು ಎಲ್ಲಿದ್ದಾರೆ ಎಂದು ಕಿವಿಯಲ್ಲಿ ಹೇಳುತ್ತಿದ್ದೆ, ಅವನು ಆಡುತ್ತಿದ್ದ.

ಒಂದು ಭಾನುವಾರ ಕ್ಲಬ್ಬು ನೋಡಿಕೊಳ್ಳುವ ಮೇಷ್ಟ್ರ ಮೇಲೆ ಅಣ್ಣ ಗೆದ್ದ. ಮನೆಗೆ ಬಂದವನು ಚಪ್ಪಲಿ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತ.

"ಗೆದ್ದು ಬಂದವರ ಮುಖ ಹಿಂಗಿರುತ್ತಾ?" ಎಂದರು ಅತ್ತಿಗೆ.

"ಮೇಷ್ಟ್ರು ಬೇಕಂತಲೇ ಸೋತ್ರು. ಕುದುರೆಯವರನ್ನ ಸುಮ್ಮನೆ ಗೋಡೆ ಹಿಂದೆ ನಿಲ್ಲಿಸ್ಕೊಂಡಿದ್ರು. ಪುಟ್ಟಿ, ನಿಂಗೂ ಕಾಣಿಸ್ತು ಅಲ್ವಾ?"

ಕಂಡಿತ್ತು. ನಾನು ಗೊಂಬೆಗಳ ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

"ಕಣ್ಣು ಹೋಗಿದ್ದನ್ನ ತಡ್ಕೊಂಡೆ. ಅಯ್ಯೋ ಪಾಪ ಅಂತ ಕೊಡೋ ಗೆಲುವು ನಂಗೆ ಬೇಡ. ತಿಂಗಳ ಕೊನೇ ಭಾನುವಾರ ಬೀಗದ ಅಂಗಡಿಯ ಕೀಲಿಕೈ ಜೊತೆ ಆಟ ಅಂತ ಒಪ್ಕೊಂಡಿದೀನಿ. ಅದೊಂದು ಆಡಿಬಿಟ್ಟು ಡಬ್ಬೀನ ಕ್ಲಬ್ಬಿಗೆ ಕೊಟ್ಟುಬಿಡ್ತೀನಿ. ಮೇಷ್ಟ್ರಿಗೂ ಹೇಳಿಯಾಯ್ತು."

ಆ ಡಬ್ಬಿ ಹೋದರೆ ಅಣ್ಣನಿಗೆ ಉಳಿಯುವುದು ಕಿಟಕಿ ಪಕ್ಕದ ಕುರ್ಚಿ ಮಾತ್ರ. ಅಲ್ಲಿ ಕೂತು ಅವನು ಪಕ್ಕದ ಮನೆಯ ಟೀವಿ ಕೇಳುತ್ತಾ ಮುದುಕನಾಗುತ್ತಾನೆ. ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ ಕೆಲಸ ಚೆನ್ನಾಗಿ ಆಗುತ್ತದೆ.

"ನಾನು ಕಿವೀಲಿ ಹೇಳೋದು, ನೀನು ಆಡೋದು, ಅದಕ್ಕೇ ಅವರಿಗೆ ಕನಿಕರ ಬರೋದು" ಎಂದೆ. "ನಿನ್ನ ಬೆರಳಿಗೇ ಗೊತ್ತಾಗೋ ಹಾಗೆ ಗೊಂಬೆ ಮಾಡಿಕೊಡ್ತೀನಿ. ನೀನೇ ನೋಡ್ಕೊಂಡು ಆಡು. ಆಮೇಲೂ ಬೇಡ ಅನ್ನಿಸಿದ್ರೆ ಡಬ್ಬೀನ ನಾನೇ ಹೊತ್ಕೊಂಡು ಹೋಗಿ ಕೊಟ್ಟು ಬರ್ತೀನಿ."

ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ನಾನು ಅದನ್ನೇ ಹೂಂ ಎಂದು ತಿಳಿದು ಮೆಟ್ಟಿಲು ಹತ್ತಿದೆ.

ಹಲ್ಲಿನ ಕೆಲಸದ ಕಡ್ಡಿಗಳನ್ನೆಲ್ಲ ಹರಡಿಕೊಂಡು ಕೂತೆ. ಬಿಲ್ಲುಗಾರರ ಬತ್ತಳಿಕೆಯಲ್ಲಿ ಬಾಣ ಬಾಣವೂ ಬೇರೆ ಕಾಣಬೇಕು ಎಂದು ಕೊರೆದೆ. ಭರ್ಜಿಯವರಿಗೆ ಗೊಂಡೆ, ಗೊಂಡೆಯಲ್ಲಿ ಎಳೆ ಎಳೆ. ಕೊಡಲಿಯವರ ಹೊದಿಕೆಗೆ ತುಪ್ಪಳ. ನಾಯಕರ ಹೆಲ್ಮೆಟ್ಟಿನ ಮೇಲೆ ಗರಿ. ಭೂತಗನ್ನಡಿ ಹಿಡಿದು ನೋಡಿದರೆ ಕಣ್ಣು ತುಂಬುವ ಹಾಗಿತ್ತು. ಮುಗಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅಣ್ಣ ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ನೋಡಿದ. ಬಿಲ್ಲುಗಾರನನ್ನು ಭರ್ಜಿ ಎಂದ. ಭರ್ಜಿಯನ್ನು ನಾಯಕ ಎಂದ. ಕೊನೆಗೆ ಮೇಜಿನ ಮೇಲಿಟ್ಟುಬಿಟ್ಟ.

"ಎಲ್ಲಾ ತರಿತರಿ ಅನ್ಸುತ್ತೆ ಪುಟ್ಟಿ. ಅಷ್ಟೇ ಗೊತ್ತಾಗೋದು."

"ನಿನ್ನ ಬೆರಳು ದಪ್ಪ. ಸ್ಟೀರಿಂಗ್ ಹಿಡಿದ ಬೆರಳು. ಒಂದೊಂದು ಬಾಣಾನೂ ಬೇರೆ ಬೇರೆ ಮಾಡಿದೀನಿ!"

"ಹೌದು, ದಪ್ಪಾನೇ. ನೀನು ಯಾರ ಬೆರಳಿಗೆ ಅಂತ ಮಾಡಿದ್ದು?"

ನಾನು ಇನ್ನಷ್ಟು ಜೋರು ಮಾಡಿದೆ. ಅಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ ಎರಡು ಡಬ್ಬಿ ತಂದು ನನ್ನ ಮುಂದೆ ಕುಕ್ಕಿದರು.

"ಕಣ್ಣು ಮುಚ್ಚು. ಇದರಲ್ಲಿ ಸಕ್ಕರೆ ಯಾವುದು ಹೇಳು."

ಮುಟ್ಟಿದೆ. ಒಂದರ ಮುಚ್ಚಳಕ್ಕೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿತ್ತು, ಇನ್ನೊಂದು ಬೋಳು.

"ರಬ್ಬರ್ ಬ್ಯಾಂಡ್ ಇರೋದು ಸಕ್ಕರೆ. ನಿಮ್ಮಣ್ಣ ಉಪ್ಪಿನ ಟೀ ಕುಡಿದ ಮೇಲೆ ಸುತ್ತಿದ್ದು" ಎಂದರು ಅತ್ತಿಗೆ. "ಒಂದೇ ಒಂದು ಗುರುತು. ನಾನೇನು ಸಕ್ಕರೆ ಡಬ್ಬಿ ಮೇಲೆ ಕಬ್ಬಿನ ಗದ್ದೆ ಕೆತ್ತಿದೀನಾ?"

ಅಣ್ಣ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ, ಆದರೆ ಮಾತು ತಲೆಗೆ ಹೋಯಿತು. ಮೇಲೆ ಹೋಗಿ ಬ್ಲೇಡಿನಿಂದ ನನ್ನ ಕೆಲಸವನ್ನೆಲ್ಲ ನಾನೇ ಕೆರೆದು ಹಾಕಿದೆ. ಈ ಸಲ ಒಬ್ಬೊಬ್ಬರಿಗೆ ಒಂದೊಂದೇ ಗುರುತು. ಬಿಲ್ಲುಗಾರರಿಗೆ ಬೆನ್ನ ಮೇಲೆ ಉರುಳೆಯಂಥ ಬತ್ತಳಿಕೆ, ಭರ್ಜಿಯವರ ಗುರಾಣಿಯ ಮೇಲೆ ಗುಂಡಿಯಂಥ ಉಬ್ಬು, ಕೊಡಲಿಯವರಿಗೆ ಹೆಗಲ ಮೇಲೆ ದಪ್ಪ ಮಡಿಕೆ. ನಾಯಕರಿಗೆ ಮಾತ್ರ ತಲೆಯ ಮೇಲೆ ನೆಟ್ಟಗೆ ನಿಂತ ಗರಿ, ಬೇರೆ ಯಾರ ತಲೆಯ ಮೇಲೂ ಏನೂ ಇಲ್ಲ. ತಡವಿದಾಗ ಬೀಳದಿರಲಿ ಎಂದು ಕಾಲಡಿಗೆ ಅಯಸ್ಕಾಂತದ ಬಿಲ್ಲೆ ಅಂಟಿಸಿದೆ, ಮೇಜಿಗೆ ಹಾಸಲು ತಗಡು ತಂದೆ.

ಮರುದಿನ ಅಣ್ಣನ ಮುಂದೆ ಸುರಿದೆ. ಅವನ ಹೆಬ್ಬೆರಳು ಮೊದಲು ತಲೆಗೆ ಹೋಗುತ್ತಿತ್ತು. ಅಲ್ಲಿ ಗರಿ ಸಿಕ್ಕಿದರೆ ಅಲ್ಲಿಗೇ ಮುಗಿಯಿತು, ಸಿಗದಿದ್ದರೆ ಬೆನ್ನು, ಆಮೇಲೆ ಗುರಾಣಿ.

"ಬಿಲ್ಲು. ಬಿಲ್ಲು. ಭರ್ಜಿ. ನಾಯಕ. ಕೊಡಲಿ. ಭರ್ಜಿ." ಒಂದೂ ತಪ್ಪಲಿಲ್ಲ. ಅವನ ದನಿ ಏರುತ್ತಾ ಹೋಯಿತು, ಬಸ್ಸಿನಲ್ಲಿ ಕಂಡಕ್ಟರಿನ ಜೊತೆ ತಾನೂ ಸ್ಟಾಪುಗಳ ಹೆಸರು ಕೂಗುತ್ತಿದ್ದ ಕಾಲದ ದನಿ. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹೊಗೆ ಎಂದರು. ಒಲೆ ಹಚ್ಚಿಯೇ ಇರಲಿಲ್ಲ.

ಒಬ್ಬ ಬಿಲ್ಲುಗಾರ ಮಾತ್ರ ಆ ಪರೀಕ್ಷೆಗೆ ಬಂದಿರಲಿಲ್ಲ. ಅವನು ನನ್ನ ಕೋಣೆಯಲ್ಲಿ ಒಣಗುತ್ತಿದ್ದ. ಅವನ ಬತ್ತಳಿಕೆ ಮುಗಿಸಿದಾಗ ಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಪುಟ್ಟಿ ಉಳಿದಿತ್ತು, ಇನ್ನೂ ಮೆತ್ತಗಿತ್ತು. ಇಷ್ಟೆಲ್ಲ ಒರಟು ಉಂಡೆಗಳನ್ನು ಅಂಟಿಸಿ ಅಂಟಿಸಿ ನನ್ನ ಕೈ ಕಡಿಯುತ್ತಿತ್ತು. ಒಬ್ಬನ ಮೇಲಾದರೂ ನನ್ನ ಕೆಲಸ ಕಾಣಲಿ ಎಂದು ಅವನ ಹೆಲ್ಮೆಟ್ಟಿಗೊಂದು ಗರಿ ಮಾಡಿದೆ. ಗಾಳಿಗೆ ಒಂದಿಷ್ಟು ಬಾಗಿದ ಗರಿ, ನಡುವೆ ದಂಟು, ಎರಡೂ ಕಡೆ ಕೂದಲಿನಂಥ ಎಳೆ. ಅಂಥ ಗರಿಯನ್ನು ನಾನು ಅದುವರೆಗೆ ಮಾಡಿರಲಿಲ್ಲ. ಒಣಗಿದ ಮೇಲೆ ಅವನೂ ಡಬ್ಬಿ ಸೇರಿದ.

ಇನ್ನು ಉಳಿದದ್ದು ಕೀಲಿಕೈ. ಬೀಗ ರಿಪೇರಿ ಅವನ ಕಸುಬು, ಕ್ಲಬ್ಬಿನಲ್ಲಿ ಅವನಿಗೆ ಅದೇ ಹೆಸರು. ತನ್ನ ಗೊಂಬೆಗಳನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ಮಲಗಿಸಿ ತರುವವನು, ಕಾಲಡಿಯ ಬಿಲ್ಲೆ ಹಿಡಿದೇ ಎತ್ತುವವನು, ಬೇರೆಯವರ ನೆರಳು ಬಿದ್ದರೂ ಮುಖ ಸಿಂಡರಿಸುವವನು. ಎದುರಿನ ಸೈನ್ಯವನ್ನು ಮುಟ್ಟದೆ ಅಣ್ಣ ಆಡುವುದು ಹೇಗೆ? ಲ್ಯಾಬು ಮುಗಿಸಿ ನೇರ ಅವನ ಅಂಗಡಿಗೆ ಹೋದೆ.

ಅಂಗಡಿ ಎಂದರೆ ಎರಡು ಗೋಡೆಗಳ ನಡುವಿನ ಸಂದಿ. ಎಲ್ಲೆಲ್ಲೂ ಕೊಕ್ಕೆಗೆ ನೇತು ಹಾಕಿದ ಕೀಲಿಗಳು, ನೆಲದ ಮೇಲೆ ಹಿತ್ತಾಳೆಯ ಪುಡಿ. ಅವನು ಯಂತ್ರ ನಿಲ್ಲಿಸಿ ನನ್ನ ಮಾತು ಪೂರ್ತಿ ಕೇಳಿದ.

"ಆಗಲ್ಲ" ಎಂದ. "ನನ್ನ ಗೊಂಬೆ ಇನ್ನೊಬ್ಬರು ಮುಟ್ಟೋ ಹಾಗಿಲ್ಲ. ಕೈಯ ಜಿಡ್ಡಿಗೆ ಬಣ್ಣ ಹೋಗುತ್ತೆ. ನನ್ನ ಹೆಂಡತಿ ಕೂಡ ಮುಟ್ಟಲ್ಲ."

"ಅವರಿಗೆ ಬುದ್ಧಿ ಇದೆ ಅಂತಾಯ್ತು. ನೋಡಿ, ನೀವು ನಮ್ಮಣ್ಣನ ಗೊಂಬೆಗಳನ್ನ ಕಣ್ಣು ತುಂಬ ನೋಡಲ್ವಾ? ಅವನು ನಿಮ್ಮದನ್ನ ನೋಡೋದು ಹೀಗೆ." ಚೀಲದಿಂದ ಒಬ್ಬ ಭರ್ಜಿಯವನನ್ನು ತೆಗೆದು ಅವನ ಅಂಗೈಯಲ್ಲಿಟ್ಟೆ.

ಕೀಲಿಕೈ ಕಣ್ಣು ಮುಚ್ಚಿದ. ಬೀಗದೊಳಗೆ ತಂತಿ ಬಿಟ್ಟು ತಡಕಾಡುವಾಗಲೂ ಅವನು ಹಾಗೇ ಮುಚ್ಚುವುದನ್ನು ನಾನು ನೋಡಿದ್ದೆ. ಬಹಳ ಹೊತ್ತು ತಿರುಗಿಸಿದ.

"ಇದು ಯಾವ ಪುಟ್ಟಿ?"

ಹೇಳಿದೆ. ಎಲ್ಲಿ ಸಿಗುತ್ತದೆ ಎಂದೂ ಹೇಳಿದೆ. "ನಡುವಿನ ಗೆರೆ ಕತ್ತರಿಸಿ ಬಿಸಾಡಬೇಕು, ಸಮಸಮ ನಾದಬೇಕು, ಕಡ್ಡಿ ಒದ್ದೆ ಇರಬೇಕು, ಕೊನೇಲಿ ಬೆರಳಿನ ಗುರುತು ಒರೆಸಬೇಕು" ಎಂದು ಪಾಠವನ್ನೂ ಮಾಡಿದೆ.

"ನಾನು ಯಾವುದಕ್ಕೂ ಒಪ್ಪಿಲ್ಲ" ಎಂದು ಅವನು ಗೊಂಬೆ ವಾಪಸು ಕೊಟ್ಟ. "ಇನ್ನೊಂದು ಮಾತು. ಆಟದಲ್ಲಿ ನಾನು ಯಾರಿಗೂ ಬಿಟ್ಟುಕೊಡೋನಲ್ಲ."

"ಬಿಟ್ಟುಕೊಡಿ ಅಂತ ಕೇಳೋಕೆ ಬಂದೋಳಲ್ಲ ನಾನೂ" ಎಂದು ಹೇಳಿ ಎದ್ದು ಬಂದೆ. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ನಡೆದೆ.

ತಿಂಗಳ ಕೊನೆಯ ಭಾನುವಾರ ಹಾಲಿನಲ್ಲಿ ಜನ ಜಾಸ್ತಿಯೇ ಇದ್ದರು. ಆಟ ಮುಗಿದ ಮೇಲೆ ಡಬ್ಬಿ ತೆಗೆದುಕೊಳ್ಳಲು ಮೇಷ್ಟ್ರು ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿಟ್ಟಿದ್ದರು. ಅಣ್ಣನಿಗೆ ಅದು ಕಾಣದಿದ್ದದ್ದೇ ಒಳ್ಳೆಯದಾಯಿತು.

ಕೀಲಿಕೈ ಪೆಟ್ಟಿಗೆ ತೆರೆದ. ಅವನ ಗೊಂಬೆಗಳು ಬಣ್ಣದಲ್ಲಿ ಒಡವೆಗಳ ಹಾಗೆ ಇರುತ್ತವೆ. ಆ ಒಡವೆಗಳ ಮೇಲೆಲ್ಲ ಈಗ ಹಸಿರು ಉಂಡೆಗಳು ಅಂಟಿಕೊಂಡಿದ್ದವು. ಬೆನ್ನ ಮೇಲೆ ಬತ್ತಳಿಕೆ, ಗುರಾಣಿಯ ಮೇಲೆ ಗುಂಡಿ, ಹೆಗಲ ಮೇಲೆ ಮಡಿಕೆ, ತಲೆಯ ಮೇಲೆ ಗರಿ, ಎಲ್ಲ ನಮ್ಮವೇ ಗುರುತುಗಳು. ಕೆಲಸವೋ, ದೇವರೇ ಗತಿ. ನಾದುವಾಗ ನಡುವಿನ ಗೆರೆ ತೆಗೆದಿರಲಿಲ್ಲ, ಒಳಗೆಲ್ಲ ಗಟ್ಟಿ ಹರಳು ಹರಳು. ಇನ್ನು ಬೆರಳಿನ ಗುರುತು! ಪೊಲೀಸರು ನೋಡಿದ್ದರೆ ಸಾಕ್ಷಿಯೇ ಇಲ್ಲದೆ ಅವನನ್ನು ಎಳೆದುಕೊಂಡು ಹೋಗುತ್ತಿದ್ದರು.

"ನಡುವಿನ ಗೆರೆ ಬಿಸಾಡಿ ಅಂದಿದ್ನಲ್ಲ?"

"ಸುಮ್ಮನೆ ಯಾಕೆ ದಂಡ ಮಾಡೋದು ಅಂತ" ಎಂದು ಕೀಲಿಕೈ ಬೇರೆ ಕಡೆ ನೋಡಿದ. ಆಮೇಲೆ ಅಣ್ಣನ ಕೈ ಹಿಡಿದು ತನ್ನ ಮೊದಲ ಸಾಲಿನ ಮೇಲಿಟ್ಟ. "ನೋಡ್ಕೊಳ್ಳಿ. ಮೆಲ್ಲಗೆ."

ಅಣ್ಣ ಒಂದೊಂದನ್ನೇ ಮುಟ್ಟುತ್ತಾ ಹೋದ. "ಆಹಾ, ಎಷ್ಟು ಚೆನ್ನಾಗಿ ಗೊತ್ತಾಗುತ್ತೆ! ಯಾರು ಮಾಡಿದ್ದು?"

ನನ್ನ ಕೆಲಸಕ್ಕೆ ಅವನು ಆಹಾ ಎಂದಿರಲಿಲ್ಲ.

ಆಟ ಶುರುವಾಗುವ ಮೊದಲೇ ಅಣ್ಣ ನನಗೆ ತಾಕೀತು ಮಾಡಿದ: ಟೇಪಿನ ಅಳತೆ ಓದುವುದು ಬಿಟ್ಟು ಬೇರೆ ಒಂದು ಮಾತೂ ಆಡಕೂಡದು. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅಣ್ಣ ಎರಡೂ ಕೈಯನ್ನು ತಗಡಿನ ಮೇಲೆ ಮೆಲ್ಲಗೆ ಸವರುತ್ತಾ ಎರಡು ಸೈನ್ಯವನ್ನೂ ನೋಡುತ್ತಿದ್ದ. ಗುಳಿ ಕೊರೆದ ದೊಡ್ಡ ಮರದ ದಾಳವನ್ನು ಹಾಕಿ ತಾನೇ ಮುಟ್ಟಿ ಓದುತ್ತಿದ್ದ. ಗುಡ್ಡದ ಹಿಂದೆ ಅವಿತಿದ್ದ ಕೀಲಿಕೈಯ ಕೊಡಲಿಯವರನ್ನು ಬೆರಳಲ್ಲೇ ಕಂಡುಹಿಡಿದು ಬಾಣ ಬಿಟ್ಟು ಉರುಳಿಸಿದ. ಸೇತುವೆಯ ಈ ತುದಿಯೂ ಅವನದಾಯಿತು. ಸುತ್ತ ನಿಂತವರು ಗುಸುಗುಸು ನಿಲ್ಲಿಸಿದರು.

ಇನ್ನು ಸೇತುವೆ ದಾಟಬೇಕು. ನಮ್ಮ ಆಟದಲ್ಲಿ ಒಂದು ನಿಯಮವಿದೆ: ಜೊತೆಯಲ್ಲಿ ನಾಯಕನಿದ್ದರೆ ಸೈನಿಕರು ಏಟು ತಿಂದರೂ ಓಡುವುದಿಲ್ಲ. ನಾಯಕನಿಲ್ಲದಿದ್ದರೆ ದಾಳ ಕೈಕೊಟ್ಟಾಗ ಚೆಲ್ಲಾಪಿಲ್ಲಿ. ಅಣ್ಣ ನಾಯಕನನ್ನು ಹುಡುಕುತ್ತಾ ಹೋದ. ಹೆಬ್ಬೆರಳು ಒಂದು ತಲೆಯ ಮೇಲೆ ನಿಂತಿತು. ಗರಿ. ಅವನನ್ನು ಎತ್ತಿ ಕೊಡಲಿಯವರ ಮುಂದೆ ಸೇತುವೆಯ ಮೇಲೆ ಇಟ್ಟ.

ಅದು ನನ್ನ ಬಿಲ್ಲುಗಾರ.

ಬಾಯಿ ತೆರೆದೆ, ಅಣ್ಣನ ತಾಕೀತು ನೆನಪಾಗಿ ಮುಚ್ಚಿದೆ. ಕೀಲಿಕೈಗೂ ಕಂಡಿತ್ತು. ದಾಳ ಹಿಡಿದ ಅವನ ಕೈ ಗಾಳಿಯಲ್ಲೇ ನಿಂತಿತು. ಹಿಂದೆ ನಿಂತಿದ್ದ ಮೇಷ್ಟ್ರು ಕೆಮ್ಮಿ, "ಅದು... ಒಂದು ನಿಮಿಷ..." ಎಂದರು.

"ಆಟ ನಡೀತಿದೆ ಮೇಷ್ಟ್ರೇ" ಎಂದ ಕೀಲಿಕೈ. ದಾಳ ಹಾಕಿದ.

ಅವನ ಭರ್ಜಿಯವರು ಸೇತುವೆಯ ಮೇಲೆ ನುಗ್ಗಿದರು. ದಾಳ ಅಣ್ಣನಿಗೆ ಕೈಕೊಟ್ಟಿತು.

"ಏಟು ಬಿತ್ತು, ಬೀಳಲಿ. ನಾಯಕ ಇದಾನೆ, ನಮ್ಮೋರು ಓಡಲ್ಲ" ಎಂದ ಅಣ್ಣ.

"ನಾಯಕ ಅಲ್ಲ ಅವನು. ಬೆನ್ನು ಮುಟ್ಟಿ ನೋಡಿ."

ಅಣ್ಣ ಮುಟ್ಟಿದ. ಬತ್ತಳಿಕೆ ಸಿಕ್ಕಿತು. ಮತ್ತೆ ತಲೆ ಮುಟ್ಟಿದ, ಮತ್ತೆ ಬೆನ್ನು. ಆಮೇಲೆ ಆಟ ಹೆಚ್ಚು ಹೊತ್ತು ಉಳಿಯಲಿಲ್ಲ. ಸೇತುವೆಯಿಂದ ಓಡಿದವರು ಹಿಂದಿನವರನ್ನೂ ತುಳಿದುಕೊಂಡು ಓಡಿದರು, ಕೀಲಿಕೈ ಒಂದು ಸಾಲನ್ನೂ ಬಿಡದೆ ಗುಡಿಸಿಹಾಕಿದ.

ನನ್ನ ಬೀಗ ಕಿತ್ತುಹೋಯಿತು. "ನೀವು ನೋಡಿದ್ರಿ! ಅವನು ಗೊಂಬೆ ಇಟ್ಟ ತಕ್ಷಣ ನೋಡಿದ್ರಿ! ಒಂದು ಮಾತು ಹೇಳೋಕೆ ನಿಮ್ಮ ಗಂಟೇನು ಹೋಗ್ತಿತ್ತು?"

"ಆಟದಲ್ಲಿ ಯಾರಾದ್ರೂ ಹೇಳ್ತಾರೇನ್ರೀ?" ಎಂದ ಅವನು, ದನಿ ಏರಿಸದೆ.

ಅಣ್ಣ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದ. ಕೀಲಿಕೈ ಇದ್ದ ಕಡೆಗೆ ಮುಖ ತಿರುಗಿಸಿದ.

"ನಿಮಗೆ ಕಂಡಿತ್ತಾ?"

"ಕಂಡಿತ್ತು."

"ಆದ್ರೂ ಹೇಳಲಿಲ್ಲ."

"ಇಲ್ಲ. ನೀವು ಬೆನ್ನೂ ಮುಟ್ಟಿ ನೋಡಬೇಕಿತ್ತು. ನಾನು ಇಟ್ಟಿದ್ದು ತಪ್ಪಿದ್ರೆ ನೀವು ಹೇಳ್ತಿದ್ರಾ?"

"ನಾನಾ? ಸಾಯ್ತಾ ಇದ್ರೂ ಹೇಳ್ತಿರಲಿಲ್ಲ!" ಅಣ್ಣ ಮೇಜು ಗುದ್ದಿದ. ಅಯಸ್ಕಾಂತವಿದ್ದರೂ ಒಂದೆರಡು ಗೊಂಬೆ ಉರುಳಿದವು. "ಎಂಥಾ ಕಲ್ಲೆದೆ ರೀ ನಿಮ್ಮದು! ಗೆದ್ದೇಬಿಟ್ಟಿದ್ದೆ ನಾನು, ಸೇತುವೆ ನನ್ನ ಕೈಯಲ್ಲಿತ್ತು! ಮುಂದಿನ ಭಾನುವಾರ ಬನ್ನಿ, ಅದೇ ಸೇತುವೆ ಮೇಲೆ ನಿಮಗೆ ಮಣ್ಣು ಮುಕ್ಕಿಸದಿದ್ರೆ ಕೇಳಿ." ಅವನ ಮುಖ ಕೆಂಪಾಗಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಅಡ್ಡ ಬಂದ ಲಾರಿಯವನ ಜೊತೆ ಜಗಳಕ್ಕೆ ನಿಂತ ಡ್ರೈವರನ ಮುಖ ಅದು. ಅಷ್ಟು ಸಂತೋಷವಾಗಿರುವ ಅಣ್ಣನನ್ನು ನೋಡಿ ಎಷ್ಟು ಕಾಲವಾಗಿತ್ತೋ.

"ಬರ್ತೀನಿ" ಎಂದ ಕೀಲಿಕೈ.

ಅಣ್ಣ ಬಿಲ್ಲುಗಾರನನ್ನು ನನ್ನ ಕಡೆ ಚಾಚಿದ. "ಇವನ ತಲೆ ಮೇಲೆ ಗರಿ ಯಾಕಿದೆ ಪುಟ್ಟಿ?"

"ಅಂದಕ್ಕೆ."

"ಯಾರು ನೋಡಲಿ ಅಂತ?"

ನಾನು ನೋಡ್ಕೊಳ್ಳೋಕೆ ಎಂದು ಹೇಳಬೇಕಿತ್ತು. ಅದರ ಬದಲು ಚೀಲದಿಂದ ಬ್ಲೇಡು ತೆಗೆದೆ. ನಾನು ಮಾಡಿದ್ದರಲ್ಲೆಲ್ಲ ಚೆಂದದ ಗರಿ ಒಂದೇ ಏಟಿಗೆ ಹಾರಿ ತಗಡಿನ ಮೇಲೆ ಬಿತ್ತು. ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಅಣ್ಣ ಹೆಬ್ಬೆರಳು ಇಟ್ಟು, "ಇನ್ನೂ ಸ್ವಲ್ಪ ಇದೆ" ಎಂದ. ಅರದಿಂದ ಉಜ್ಜಿ ಕೊಟ್ಟೆ.

"ಹಾಂ. ಈಗ ಬಿಲ್ಲುಗಾರ. ಇನ್ನೊಂದಿಷ್ಟು ಜನ ಬೇಕು ಇಂಥೋರು. ಬತ್ತಳಿಕೆ ಇವರು ಮಾಡಿದಾರಲ್ಲ, ಹಾಗೆ ಮಾಡು. ಒರಟಾಗಿ."

ಕೀಲಿಕೈ ತಲೆ ತಗ್ಗಿಸಿಕೊಂಡು ತನ್ನ ಗೊಂಬೆಗಳನ್ನು ಮಲಗಿಸುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು. ಅವನ ಒಬ್ಬ ನಾಯಕನ ಗರಿಯ ಮೇಲೆ ಹೆಬ್ಬೆರಳಿನ ಗೆರೆಗಳು ಒಂದೂ ಬಿಡದೆ ಮೂಡಿದ್ದವು. ಉಜ್ಜಿ ಕೊಡಲೇ ಎಂದು ಕೇಳಲು ಹೋದವಳು ಅರವನ್ನು ಚೀಲಕ್ಕೆ ಹಾಕಿಕೊಂಡೆ.

ಮೇಷ್ಟ್ರು ಬೀರುವಿನ ಬಾಗಿಲು ತೆರೆದು ಹತ್ತಿರ ಬಂದರು. ಪಾಪ, ಅವರಿಗೆ ಏನೂ ಅರ್ಥವಾಗಿರಲಿಲ್ಲ. "ಹಾಗಾದ್ರೆ... ಡಬ್ಬಿ ಒಳಗಿಡ್ಲಾ?" ಎಂದು ಕೈ ಚಾಚಿದರು.

ಅಣ್ಣನ ಅಂಗೈ ಅದಾಗಲೇ ಮುಚ್ಚಳದ ಮೇಲಿತ್ತು.

"ಮುಟ್ಟಬೇಡಿ ಮೇಷ್ಟ್ರೇ" ಎಂದ. "ನನ್ನ ಗೊಂಬೆ ಇನ್ನೊಬ್ಬರು ಮುಟ್ಟೋ ಹಾಗಿಲ್ಲ."

"ಅದು ಸರಿಯಾದ ಮಾತು" ಎಂದು ಕೀಲಿಕೈ ತನ್ನ ಪೆಟ್ಟಿಗೆಗೆ ಬೀಗ ಹಾಕಿದ.